‘ದೇವರ ಮುಂದೆ ಎಲ್ಲರೂ ಒಂದೇ’ ಅಂತ ಹೇಳಿಕೊಟ್ಟರೆ ಸಾಕಲ್ವಾ?

ಸಾಕಾಗಲ್ಲ.

ಸಂಡೆ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಇದನ್ನೇ ಕೇಳುತ್ತಾರೆ. ದೇವರ ಭಯಭಕ್ತಿಯಲ್ಲಿ ಬೆಳೆದ ಮಗುವಿಗೆ ಕರಿಯರು, ಬಿಳಿಯರು ಅನ್ನೋ ಭೇದ ಬರೋದಿಲ್ಲ ಅಲ್ವಾ ಅಂತ. ಇದು ಹೌದು ಅನ್ನಿಸಿಕೊಳ್ಳೋಕೆ ಕೇಳುವ ಪ್ರಶ್ನೆ. ಇಲ್ಲ ಅಂದರೆ ಮುಖ ಸಣ್ಣದಾಗುತ್ತದೆ.

ಒಮ್ಮೆ ಒಬ್ಬ ಅಪ್ಪ ಹೀಗೇ ಕೇಳುತ್ತಾ ನಿಂತಿದ್ದರು. ಪಕ್ಕದ ಮೇಜಿನಲ್ಲಿ ಅವರ ಐದು ವರ್ಷದ ಮಗ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ. ದೇವದೂತನ ಮುಖಕ್ಕೆ ತಿಳಿ ಗುಲಾಬಿ, ಗೆರೆ ದಾಟದ ಹಾಗೆ, ನಾಜೂಕಾಗಿ. ಸೈತಾನನಿಗೆ ಕಪ್ಪು. ಒತ್ತಿ ಒತ್ತಿ ಬಳಿದು ಕ್ರೇಯಾನ್ ಮುರಿದಿತ್ತು, ಹಾಳೆಯ ಹಿಂಬದಿಗೂ ಅಚ್ಚು ಮೂಡಿತ್ತು. "ದೇವದೂತನಿಗೂ ಕಪ್ಪು ಹಚ್ಚಬಹುದಲ್ವಾ ಪುಟ್ಟಾ?" ಅಂದೆ. ಅಯ್ಯೋ ಪಾಪ ಅನ್ನೋ ಹಾಗೆ ನನ್ನನ್ನು ನೋಡಿ, "ಅವರು ಹಾಗಿರಲ್ಲ ಮಿಸ್" ಅಂದ. ಅಪ್ಪನಿಗೆ ಗಾಬರಿ. "ಇದನ್ನೆಲ್ಲ ನಾವು ಹೇಳಿಕೊಟ್ಟಿಲ್ಲ ಮೇಡಂ!"

ನಿಜ, ಹೇಳಿಕೊಟ್ಟಿಲ್ಲ. ಗೋಡೆಗೆ ತೂಗುಹಾಕಿದ್ದೀರಿ. ಅಮೆರಿಕದ ವಾರ್ನರ್ ಸಾಲ್ಮನ್ 1940ರಲ್ಲಿ ಬರೆದ ಯೇಸುವಿನ ಚಿತ್ರ ಕೋಟಿಗಟ್ಟಲೆ ಅಚ್ಚಾಗಿ ಮನೆಮನೆ ಸೇರಿತು. ಹುಟ್ಟಿದ್ದು ಬೆತ್ಲೆಹೇಮಿನಲ್ಲಿ, ಮುಖ ಮಾತ್ರ ಯುರೋಪಿನದು! 2020ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಮೆರಿಕದ ಕ್ರೈಸ್ತರನ್ನು ವಿಚಾರಿಸಿ ನೋಡಿದರು. ದೇವರನ್ನು ಬಿಳಿ ಗಂಡಸು ಅಂದುಕೊಂಡವರು ನಾಯಕನ ಕುರ್ಚಿಗೂ ಬಿಳಿ ಗಂಡಸರೇ ಸರಿ ಅನ್ನುವ ಕಡೆಗೆ ವಾಲಿದ್ದರು.

ಮಕ್ಕಳಿಗೆ ಬಣ್ಣವೇ ಕಾಣಲ್ಲ ಅನ್ನೋದೂ ಸುಮ್ನೆ ಮಾತು. ಮೂರು ತಿಂಗಳ ಕೂಸು ತನ್ನ ಜನಾಂಗದ ಮುಖಗಳನ್ನೇ ಜಾಸ್ತಿ ಹೊತ್ತು ನೋಡುತ್ತದೆ. ಆಗಷ್ಟೇ ಹುಟ್ಟಿದ ಕೂಸು ಹಾಗೆ ಮಾಡಲ್ಲ. ಇಸ್ರೇಲಿನಲ್ಲಿ ಕರಿಯರು, ಬಿಳಿಯರು ಇಬ್ಬರನ್ನೂ ನೋಡುತ್ತಾ ಬೆಳೆದ ಇಥಿಯೋಪಿಯಾ ಮೂಲದ ಕೂಸುಗಳಲ್ಲೂ ಈ ಒಲವು ಕಾಣಲಿಲ್ಲ. ಇದು ದ್ವೇಷ ಅಲ್ಲ, ಕಣ್ಣಿನ ರೂಢಿ. ಆ ರೂಢಿಗೆ ಮುಂದೆ ಏನೇನು ಅರ್ಥ ಅಂಟಿಕೊಳ್ಳುತ್ತದೆ ಅನ್ನೋದರಲ್ಲಿ ನಮ್ಮ ಕೈವಾಡ ಇದೆ.

ಹಾಗಾದರೆ ಧರ್ಮವೇ ತಪ್ಪು ಅಂತೀರಾ ಅಂತ ಜಗಳಕ್ಕೆ ಬರಬೇಡಿ. ಪ್ರತಿ ಭಾನುವಾರ ಬೆಳಿಗ್ಗೆ ಎದ್ದು ಹೋಗುವವಳು ನಾನೇ ಕಣ್ರೀ.

ನೀವು ಕೇಳಬೇಕಾದ್ದು ಬೇರೆ ಇದೆ. ನಮ್ಮ ಸಭೆಯಲ್ಲಿ ಮಗುವಿನ ಕಣ್ಣಿಗೆ ಬೀಳೋದೇನು? ಪ್ರಸಂಗ ಮಾಡುವವರು ಯಾರು, ಆಮೇಲೆ ಕುರ್ಚಿ ಎತ್ತಿಡುವವರು ಯಾರು? "ಆ ಆಂಟಿ ಯಾಕೆ ಅಷ್ಟು ಕಪ್ಪು?" ಅಂತ ಮಗು ಜೋರಾಗಿ ಕೇಳಿದಾಗ ನೀವೇನು ಮಾಡುತ್ತೀರಿ? "ಶ್! ದೇವರಿಗೆ ಎಲ್ಲರೂ ಒಂದೇ" ಅಂತ ಬಾಯಿ ಮುಚ್ಚಿಸುತ್ತೀರಿ. ಬಣ್ಣದ ಮಾತು ಎತ್ತಿದರೆ ಅಮ್ಮನ ಮುಖ ಬಿಗಿಯುತ್ತದೆ ಅನ್ನೋದು ಮಗುವಿಗೆ ಅಲ್ಲೇ ಗೊತ್ತಾಗುತ್ತದೆ. ಸಮಾನತೆಯ ವಾಕ್ಯ ಗದರಿಕೆಗೆ ಖರ್ಚಾಯಿತು. ಅದರ ಬದಲು ಮೈಬಣ್ಣ ಹೇಗೆ ಬರುತ್ತದೆ ಅಂತ ಹೇಳಿ. ಚರ್ಮದಲ್ಲಿ ಮೆಲನಿನ್ ಅಂತ ಇದೆ, ಕೆಲವರಿಗೆ ಜಾಸ್ತಿ, ಕೆಲವರಿಗೆ ಕಮ್ಮಿ. ಅರ್ಧ ನಿಮಿಷದ ಕೆಲಸ.

ಯೇಸು ಯಾವ ಬಣ್ಣ ಅಂತ ಕೇಳಿದರೆ ಭೂಪಟ ತೆಗೆದು ನಜರೇತ್ ತೋರಿಸಿ. ಆ ಬಿಸಿಲಲ್ಲಿ ಬೆಳೆದ ಬಡಗಿಯ ಮಗ ಹೇಗಿದ್ದಾನು ಅಂತ ಮಗುವನ್ನೇ ಕೇಳಿ. ಮಕ್ಕಳು ಇದಕ್ಕೆ ತಡವರಿಸಿದ್ದು ನಾನು ನೋಡಿಲ್ಲ. ತಡವರಿಸಿ ನನ್ನ ಹತ್ತಿರ ಬರುವವರು ಅವರ ಅಪ್ಪ ಅಮ್ಮಂದಿರು.