ಲಿನಕ್ಸ್ ಹಾಕಿದ್ರೆ ಇದ್ದ ವಿಂಡೋಸ್ ಹೋಗ್ತದಾ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಮಂಗಳೂರು, ಉಡುಪಿಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರು ಕೇಳುವುದು ಇದನ್ನೇ. ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಅದನ್ನು ಕಲಿಯಲಿಕ್ಕೆ ಇನ್‌ಸ್ಟಾಲ್ ಮಾಡಬೇಕೆಂದೇ ಇಲ್ಲ ಎಂಬುದು ನಮ್ಮ ಉತ್ತರ.

8 ಜಿಬಿಯ ಪೆನ್‌ಡ್ರೈವ್ ಸಾಕು. ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟಿನ ಐಎಸ್‌ಒ ಫೈಲನ್ನು (ಇಡೀ ಸಿಸ್ಟಂ ಇರುವ ಒಂದೇ ಫೈಲು, ಹತ್ತಿರ ಹತ್ತಿರ 3 ಜಿಬಿ) ಇಳಿಸಿಕೊಂಡು, ವಿಂಡೋಸ್‌ನಲ್ಲಿ ಓಡುವ ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಫೈಲನ್ನು ಸುಮ್ಮನೆ ಕಾಪಿ ಮಾಡಿ ಹಾಕಿದರೆ ಅದರಿಂದ ಲ್ಯಾಪ್‌ಟಾಪ್ ಶುರುವಾಗುವುದಿಲ್ಲ. ಆನ್ ಮಾಡುವಾಗ ಎಫ್12 (ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್) ಒತ್ತಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ತೆರೆಯುತ್ತದೆ. ಇನ್‌ಸ್ಟಾಲ್ ಐಕಾನ್ ಮುಟ್ಟದೆ ಎರಡು ವಾರ ಹೀಗೇ ಬಳಸಿ. ಆಫ್ ಮಾಡಿದರೆ ನಿಮ್ಮ ಬದಲಾವಣೆಗಳು ಉಳಿಯುವುದಿಲ್ಲ. ಬೇಕಾದ ಫೈಲನ್ನು ಬೇರೆ ಡ್ರೈವಿಗೆ ಹಾಕಿಡಿ. ವೈಫೈ ಸಿಗದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಮೊಬೈಲಿನ ಇಂಟರ್‌ನೆಟ್ ಹಂಚುವ ‘ಯುಎಸ್‌ಬಿ ಟೆದರಿಂಗ್’ ಕೊಡಿ, ನಂತರ ವೈಫೈಗೆ ಬೇಕಾದ ಡ್ರೈವರ್ ಹುಡುಕಲು ಮಿಂಟಿನ ಡ್ರೈವರ್ ಮ್ಯಾನೇಜರ್ ತೆರೆಯಿರಿ.

ಕನ್ನಡದ ಚಿಂತೆ ಬೇಡ. ‘ಐಬಸ್-ಎಂ17ಎನ್’ (ibus-m17n) ಪ್ಯಾಕೇಜ್ ಹಾಕಿ, ಟೈಪಿಂಗ್ ಭಾಷೆ ಬದಲಿಸುವ ಐಬಸ್‌ನ ಸೆಟ್ಟಿಂಗಿನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ (kgp) ಕೀಲಿಮಣೆ ವಿನ್ಯಾಸ ಆರಿಸಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರ ಬೆರಳಿಗೆ ಇದು ಗೊತ್ತು: ಎಚ್, ಬಿ, ಎಫ್, ಬಿ ಒತ್ತಿದರೆ ‘ಹಬ್ಬ’. ಈ ವಿನ್ಯಾಸ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು, ನಮ್ಮೂರ ಕೊಡುಗೆ ಎಂಬ ಅಭಿಮಾನ ನಮಗಿದೆ. ಹಳೇ ನುಡಿ ಕಡತ ತೆರೆದಾಗ ಮಾತ್ರ ಅಕ್ಷರ ಚೆಲ್ಲಾಪಿಲ್ಲಿಯಾಗಿ ಕಾಣಬಹುದು. ಅದರೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತಿತ್ತು ಅಷ್ಟೆ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆಗಿರುವ ಯುನಿಕೋಡ್ ಸಂಕೇತಕ್ಕೆ ಪರಿವರ್ತಿಸಿಕೊಂಡರೆ ಸರಿಯಾಗುತ್ತದೆ.

ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು, ಅದರಲ್ಲೇ ದಿನವಿಡೀ ಕೆಲಸವಿದ್ದವರು ವಿಂಡೋಸ್ ತೆಗೆಯಬೇಡಿ, ಎರಡನ್ನೂ ಇಟ್ಟುಕೊಳ್ಳಿ. ಇನ್‌ಸ್ಟಾಲ್ ಮಾಡುವ ಮೊದಲು ಫೈಲುಗಳ ಬ್ಯಾಕಪ್ ತೆಗೆದು, ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ ಅದರ ಕೀ ಬರೆದಿಟ್ಟು, ‘ವಿಂಡೋಸ್ ಜೊತೆಗೆ’ ಎಂಬ ಆಯ್ಕೆ ಒತ್ತಿ. ‘ಎರೇಸ್ ಡಿಸ್ಕ್’ ಒತ್ತಿದರೆ ವಿಂಡೋಸ್ ಹೋಗುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಆಟಿ ತಿಂಗಳ ಮಳೆಯಲ್ಲಿ ಈ ಕೆಲಸಕ್ಕೆ ಕೂರಬೇಡಿ. ಲಿನಕ್ಸ್‌ಗೆ ಜಾಗ ಕೊಡಲು ಡಿಸ್ಕಿನಲ್ಲಿ ವಿಂಡೋಸ್‌ನ ಪಾಲು (ಪಾರ್ಟಿಶನ್) ಕಿರಿದಾಗುತ್ತಿರುವಾಗ ಕರೆಂಟ್ ಹೋದರೆ ಎರಡೂ ಕೆಡಬಹುದು.

ಆಮೇಲೆ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇದ್ದರೆ ಹೆದರಬೇಡಿ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರವನ್ನು ಗ್ರೀನಿಚ್ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಮಿಂಟಿನ ಟರ್ಮಿನಲ್ಲಿನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ‘timedatectl set-local-rtc 1’ ಎಂದು ಒಮ್ಮೆ ಕೊಟ್ಟು, ವಿಂಡೋಸ್‌ನಲ್ಲಿ ಸಮಯ ಸರಿಪಡಿಸಿಬಿಡಿ.