ಮೇಣದ ಬತ್ತಿಯ ಮೇಲಿನ ನಾಲ್ಕು ಅಂಕಿ

"ಏಪ್ರಿಲ್ ಒಂದಕ್ಕೆ ನಮ್ಮಲ್ಲಿ ಹಬ್ಬ, ಬಾ ಮಾರಾಯ" ಅಂತ ಗೆಳೆಯ ಫೋನ್ ಮಾಡಿದಾಗ, ನನ್ನನ್ನು ಏಪ್ರಿಲ್ ಫೂಲ್ ಮಾಡುತ್ತಿದ್ದಾನೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ. 2018ರ ಈಸ್ಟರ್ ನಿಜಕ್ಕೂ ಏಪ್ರಿಲ್ 1ಕ್ಕೇ ಬಿದ್ದಿತ್ತು. ಮಾರ್ಚ್ 21ರ ಹೊತ್ತಿಗೋ ಆಮೇಲೋ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಈ ಹಬ್ಬ. ನಮ್ಮ ಯುಗಾದಿಯ ಹಾಗೆ ಇದಕ್ಕೂ ಚಂದ್ರನದೇ ಲೆಕ್ಕ.

ಬೆಂಗಳೂರಿಂದ ರಾತ್ರಿ ಬಸ್ಸು, ಘಾಟಿಯಲ್ಲಿ ಅರೆನಿದ್ದೆ, ಬೆಳಿಗ್ಗೆ ಮಂಗಳೂರಿನ ಬೆವರು. ಗೆಳೆಯನ ಹಂಚಿನ ಮನೆ ಇರುವುದು ಗುರುಪುರ ಹೊಳೆಯ ಆಚೆ. ಅವನ ಅಮ್ಮನನ್ನು ಊರೆಲ್ಲ 'ಬಾಯಮ್ಮ' ಅನ್ನುತ್ತದೆ, ನನಗೂ ಅವರು ಬಾಯಮ್ಮನೇ. ಶನಿವಾರ ಹಗಲು ಸಂತ ಅಲೋಶಿಯಸ್ ಚಾಪೆಲ್ ನೋಡಿ ಬಂದೆವು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಶುರುಮಾಡಿ ಅದರ ಗೋಡೆ, ಚಾವಣಿಯೆಲ್ಲ ಚಿತ್ರ ಬರೆದಿದ್ದಾರೆ. ನೋಡಿ ನೋಡಿ ಕುತ್ತಿಗೆ ನೋವು ಬಂತು.

ಆದರೆ ನಾನು ಮತ್ತೆ ಮತ್ತೆ ಹೋಗುವುದು ಚಿತ್ರಕ್ಕಲ್ಲ, ಆ ರಾತ್ರಿಗೆ. ಚರ್ಚಿನ ದೀಪಗಳನ್ನೆಲ್ಲ ಆರಿಸುತ್ತಾರೆ. ಅಂಗಳದಲ್ಲಿ ಹೊಸ ಬೆಂಕಿ. ಪಾದ್ರಿಗಳು ಎತ್ತರದ ಮೇಣದ ಬತ್ತಿಯ ಮೇಲೆ ಶಿಲುಬೆ ಕೊರೆದು, ಅದರ ನಾಲ್ಕು ಮೂಲೆಗೆ ಆ ವರ್ಷದ ಅಂಕಿ ಬರೆಯುತ್ತಾರೆ: 2, 0, 1, 8. ಆ ಒಂದು ಬತ್ತಿಯಿಂದ ಕೈಯಿಂದ ಕೈಗೆ ಬೆಂಕಿ ದಾಟುತ್ತದೆ. ನನ್ನ ಬತ್ತಿ ಹಚ್ಚಿಕೊಟ್ಟ ಅಜ್ಜಿ ನನ್ನ ಮುಖವನ್ನೂ ನೋಡಲಿಲ್ಲ, ಗಾಳಿಗೆ ಆರದ ಹಾಗೆ ಅಂಗೈ ಅಡ್ಡ ಹಿಡಿದರು, ಅಷ್ಟೇ. ಗುರುವಾರ ರಾತ್ರಿಯಿಂದ ಮೌನವಾಗಿದ್ದ ಗಂಟೆಗಳು 'ಗ್ಲೋರಿಯಾ' ಸ್ತುತಿಗೀತೆ ಶುರುವಾದ ಕೂಡಲೇ ಒಟ್ಟಿಗೆ ಬಾರಿಸಿದವು. ಕೊಂಕಣಿ ನನಗೆ ಅರ್ಧಂಬರ್ಧ ಅರ್ಥವಾಗುವುದು. ಗಂಟೆಗೆ ಭಾಷೆ ಬೇಡ ಅಲ್ವಾ?

ಮನೆಗೆ ಬಂದರೆ ಇನ್ನೊಂದು ಪರೀಕ್ಷೆ. ಹಬ್ಬಕ್ಕೆ ಮುಂಚಿನ ನಲವತ್ತು ದಿನದ ವ್ರತ, ತಪಸ್ಸುಕಾಲ, ಮುಗಿದ ಮನೆಯಲ್ಲಿ ಹಂದಿ ಬಾಫತ್, ಕೋಳಿ ಸುಕ್ಕ. ನಾನೋ ಸಸ್ಯಾಹಾರಿ. ಬಾಯಮ್ಮ ಏನೂ ಕೇಳದೆ ಬಿಸಿ ಸನ್ನಾ (ಇಡ್ಲಿಯಂಥ ಮೆತ್ತನೆ ತಿಂಡಿ) ಬಡಿಸಿ, ಮೇಲೆ ಬೆಲ್ಲ, ಏಲಕ್ಕಿ ಹಾಕಿದ ತೆಂಗಿನ ಹಾಲು ಸುರಿದರು. ಆರು ಸನ್ನಾ ಆದಮೇಲೆ ಗೆಳೆಯ ಕಿವಿಯಲ್ಲಿ ಹೇಳಿದ, "ಹಿಟ್ಟು ಉಬ್ಬುವುದು ಶೇಂದಿಯಲ್ಲಿ." ಏಳನೆಯದನ್ನೂ ತಿಂದೆ.

2019ರಲ್ಲಿ ಗುರುವಾರವೇ ಹೋದೆ. ಅಂದು, ಏಪ್ರಿಲ್ 18, ದಕ್ಷಿಣ ಕನ್ನಡದಲ್ಲಿ ಲೋಕಸಭೆಗೆ ಮತದಾನ. ಸಂಜೆ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ಪಾದ್ರಿಗಳು ಪಾದ ತೊಳೆಯುವ ಹನ್ನೆರಡು ಜನರಲ್ಲಿ ಗೆಳೆಯನ ಅಪ್ಪನೂ ಒಬ್ಬರು. ಮಡಿಲಲ್ಲಿ ಕೈ ಕಟ್ಟಿ ಕೂತಿದ್ದರು, ಬೆರಳಲ್ಲಿ ಹಸಿ ಶಾಯಿ. ಶುಕ್ರವಾರ ಗಂಜಿ, ಚಟ್ನಿ. ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಟಿವಿಯಲ್ಲಿ ಶ್ರೀಲಂಕಾದ ಸುದ್ದಿ ಬಂತು. ಹಬ್ಬದ ಪೂಜೆಗೆ ಸೇರಿದ್ದ ಜನರ ನಡುವೆ, ಮೂರು ಚರ್ಚುಗಳಲ್ಲಿ ಬಾಂಬ್. ಬಾಯಮ್ಮ ಸೌಟು ಹಿಡಿದುಕೊಂಡೇ ನಿಂತಿದ್ದರು. ಆ ದಿನ ಯಾರಿಗೂ ಎರಡನೇ ಸಲ ಬಡಿಸಲಿಲ್ಲ.

2020ರಲ್ಲಿ ಚರ್ಚಿನ ಬಾಗಿಲೇ ಹಾಕಿತ್ತು. ನಾನು ಬೆಂಗಳೂರಲ್ಲಿ ಫೋನ್ ನೋಡುತ್ತಾ ಕೂತಿದ್ದೆ. ಮರುವರ್ಷವೂ ಹೋಗಲಿಲ್ಲ.

2022ಕ್ಕೆ ಹಗಲು ರೈಲು ಹಿಡಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ. ಎಣಿಸಲು ಹೋಗಿ ಮೂವತ್ತಕ್ಕೇ ತಪ್ಪಿದೆ. ಆ ಶನಿವಾರ ರಾತ್ರಿ ಹುಣ್ಣಿಮೆ. ದೀಪ ಆರಿಸಿದರೂ ಅಂಗಳ ಹಾಲು ಚೆಲ್ಲಿದ ಹಾಗಿತ್ತು, ಕತ್ತಲೆಯೇ ಆಗಲಿಲ್ಲ. ಪಕ್ಕದ ಬ್ಯಾರಿ ಮನೆಯವರಿಗೆ ಆಗ ರಂಜಾನ್ ಉಪವಾಸ. ಅವರಿಗೆಂದು ಬಾಯಮ್ಮ ಶೇಂದಿ ಹಾಕದೆ, ಬರೀ ಯೀಸ್ಟಿನಲ್ಲಿ ಬೇರೆ ಹಿಟ್ಟು ಹುದುಗಿಸಿದ್ದರು. ಭಾನುವಾರ ಸೂರ್ಯ ಮುಳುಗುವ ಹೊತ್ತಿಗೆ ಪಾತ್ರೆ ಆಚೆ ಹೋಯಿತು. ನನ್ನ ತೆಂಗಿನ ಹಾಲಿನಲ್ಲಿ ಅರ್ಧ ಅದರ ಜೊತೆಗೆ ಹೋಯಿತು. ಸ್ವಲ್ಪ ಹೊಟ್ಟೆಕಿಚ್ಚು ಆದದ್ದು ನಿಜ.

ಆ ರಾತ್ರಿ ಉರಿದು ಉಳಿದ ಮೇಣದ ತುಂಡುಗಳನ್ನು ಬಾಯಮ್ಮ ಎಸೆಯುವುದಿಲ್ಲ. ಒಂದು ಹಳೇ ಬಿಸ್ಕತ್ ಡಬ್ಬಿಯಲ್ಲಿ ಹಾಕಿಡುತ್ತಾರೆ. ಗುಡುಗು ಮಳೆಗೆ ಕರೆಂಟ್ ಹೋದಾಗ ಅದೇ ದೀಪ.

2025ರಲ್ಲಿ ಈಸ್ಟರ್ ಏಪ್ರಿಲ್ 20. ಭಾನುವಾರ ಮಧ್ಯಾಹ್ನ ಎಲ್ಲರೂ ಟಿವಿ ಮುಂದೆ ಕೂತು, ಬಾಲ್ಕನಿಯಲ್ಲಿ ಗಾಲಿಕುರ್ಚಿಯ ಮೇಲಿದ್ದ ಪೋಪ್ ಫ್ರಾನ್ಸಿಸರನ್ನು ನೋಡಿದ್ದೆವು. "ತುಂಬಾ ಸೋತಿದ್ದಾರೆ" ಅಂದಿದ್ದರು ಬಾಯಮ್ಮ. ಸೋಮವಾರ ಊಟ ಮುಗಿಸಿ ಹೊರಡುವವನಿದ್ದೆ. ಉಳಿದ ಸನ್ನಾ ಬಿಸಿಮಾಡಿ ತಟ್ಟೆಗೆ ಬಂದಿತ್ತು. ಗೆಳೆಯನ ಫೋನಿಗೆ ಮೆಸೇಜ್. ಅವನು ಓದಿ, ಕೊಂಕಣಿಯಲ್ಲಿ ಎರಡು ಮಾತು ಹೇಳಿದ. ಪೋಪ್ ಇನ್ನಿಲ್ಲ.

ಬಾಯಮ್ಮ ಕೈ ತೊಳೆದು ಡಬ್ಬಿ ತೆಗೆದರು. ಗಿಡ್ಡ ತುಂಡೊಂದನ್ನು ಆರಿಸಿ, ಗೋಡೆಯ ಪೀಠದ ಮುಂದೆ ಹಚ್ಚಿದರು. ಸ್ವಲ್ಪ ಹೊತ್ತು ತುಟಿ ಅಲುಗುತ್ತಿತ್ತು. ಆಮೇಲೆ ತಿರುಗಿ ನನ್ನ ತಟ್ಟೆ ನೋಡಿದರು.

"ತಿನ್ನು ಪುತಾ, ತಣ್ಣಗಾಗ್ತದೆ."