ಅತ್ತೆ ಮುಂದೆ ಕೇಳಿದ್ರೆ ಇಲ್ಲ ಅಂತಾನೇ ಬರೋದು

30 ವರ್ಷ ದಾಟಿದವರಿಗೆಲ್ಲ ಬಿಪಿ, ಶುಗರ್, ಕ್ಯಾನ್ಸರ್ ಸ್ಕ್ರೀನಿಂಗ್ ಮಾಡೋಕೆ ಮುಂಚೆ ಆಶಾ ಅಕ್ಕಂದಿರು ಮನೆ ಮನೆಗೆ ಹೋಗಿ ಸಿಬ್ಯಾಕ್ ಫಾರ್ಮ್ ಅಂತ ತುಂಬ್ತಾರೆ. ಅದರಲ್ಲಿ ತಂಬಾಕು ದಿನಾ ಹಾಕ್ತೀನಿ ಅಂದ್ರೆ 2 ಅಂಕ, ಯಾವತ್ತೂ ಇಲ್ಲ ಅಂದ್ರೆ 0, ವಯಸ್ಸು ಸೊಂಟದ ಅಳತೆ ಎಲ್ಲ ಸೇರಿ 4 ದಾಟಿದವರನ್ನ ಮೊದಲು ಕರೆಸಿ ನೋಡ್ಬೇಕು. ಗಂಡಸರು "ಹೂಂ ಬೀಡಿ ಸೇದ್ತೀನಿ, ಬರ್ಕಳಿ" ಅಂತಾರೆ, ಮುಗೀತು.

ನಾನು ಮೈಸೂರು ಜಿಲ್ಲೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಿಎಚ್ಒ, ಅಂದ್ರೆ ಸಮುದಾಯ ಆರೋಗ್ಯ ಅಧಿಕಾರಿ. ಊರಿನ ಹೆಸರು ಬೇಡ. ಮೊನ್ನೆ ಆಶಾ ಅಕ್ಕನ ಜೊತೆ ಹೋದ ಮನೇಲಿ ಅತ್ತೆ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಸವರಿ, ಚೂರು ಅಡಿಕೆ, ಮೇಲೆ ತಂಬಾಕಿನ ಕಡ್ಡಿಪುಡಿ ಉದುರಿಸಿ ಮಡಚಿ ಬಾಯಿಗಿಟ್ಕೊಂಡೇ ನಮ್ಮನ್ನ ಕೂರಿಸಿದ್ರು. ಅವರಿಗೆ ಮುಚ್ಚಿಡೋದು ಏನೂ ಇಲ್ಲ, ಆ ವಯಸ್ಸಿನವರನ್ನ ಯಾರೂ ಏನೂ ಅನ್ನಲ್ಲ. ಸೊಸೆ ಸರದಿ ಬಂದಾಗ ಅವಳು ಬಾಯಿ ಬಿಡೋ ಮೊದಲೇ ಅತ್ತೆ "ನಮ್ ಹುಡ್ಗಿ ಅಂಥದ್ದೆಲ್ಲ ಮುಟ್ಟಲ್ಲ ಕಣವ್ವ" ಅಂದ್ರು. 0 ಬಿತ್ತು.

ಬಿಪಿ ನೋಡೋಕೆ ಒಳಗೆ ಕರ್ಕೊಂಡು ಹೋದೆ, ಪಟ್ಟಿ ಬಿಗೀತಾ ಹಲ್ಲುನೋವು ಬಾಯಿ ಉರಿ ಏನಾದ್ರೂ ಇದ್ಯಾ ಅಂದಾಗ ಅವಳು ಬಾಗಿಲ ಕಡೆ ನೋಡಿದ್ಲು. ಟಾರ್ಚ್ ಹಾಕಿದ್ರೆ ಕೆಳದುಟಿ ಒಳಗೆ ಒಸಡಿನ ಪಕ್ಕ ಬೆಳ್ಳಗೆ ಸುಕ್ಕುಗಟ್ಟಿದ ಮಚ್ಚೆ. ಹೆರಿಗೆ ಆದ್ಮೇಲೆ ಹಲ್ಲುನೋವಿಗೆ ಅಂತ ಯಾರೋ ಕೊಟ್ಟ ಕಡ್ಡಿಪುಡಿ, ಈಗ ಬೆಳಗ್ಗೆ ಇಟ್ಕೊಳ್ದೆ ಇದ್ರೆ ತಲೆ ಸಿಡಿಯುತ್ತಂತೆ. ಅಂಗಡಿಗೆ ತಾನು ಹೋಗಲ್ಲ, ಅಜ್ಜಿಗೆ ಬೇಕಂತೆ ಅಂತ ಮಗನ ಕೈಲಿ ತರಿಸ್ತಾಳೆ. "ಬರೀಬೇಡಿ ಮೇಡಂ, ಆಶಾ ಅಕ್ಕ ನಮ್ ಬೀದಿಯವ್ರೇ, ನಾಳೆ ನಲ್ಲಿ ಹತ್ರ ಎಲ್ರಿಗೂ ಗೊತ್ತಾಗುತ್ತೆ" ಅಂದ್ಲು.

ಹಾಗಾಗಿ ಫಾರ್ಮಲ್ಲಿ ಅವಳು ಇವತ್ತಿಗೂ 0. ಬಾಯಲ್ಲಿ ಮಚ್ಚೆ ಇದೆ ಅಂತ ಮಾತ್ರ ಬರೆದು ತಾಲ್ಲೂಕು ಆಸ್ಪತ್ರೆ ದಂತ ವೈದ್ಯರಿಗೆ ಚೀಟಿ ಕೊಟ್ಟೆ. ಇಂಥ 0ಗಳೆಲ್ಲ ಸೇರಿದ್ರೆ ದೇಶದ ಲೆಕ್ಕ ಏನಾಗ್ಬೇಕು ಹೇಳಿ. 2016-17ರ ಗ್ಯಾಟ್ಸ್ ಸರ್ವೆ, ಅದು ತಂಬಾಕಿಗೆ ಅಂತಾನೇ ಮಾಡಿದ್ದು, ಅದರಲ್ಲಿ 15 ದಾಟಿದ ಹೆಂಗಸರಲ್ಲಿ ಶೇ. 14.2 ಜನ ಬಳಸ್ತಾರೆ ಅಂತ ಬಂತು, 2019-21ರ ಎನ್ಎಫ್ಎಚ್ಎಸ್-5, ಅದು ಇಡೀ ಕುಟುಂಬದ ಆರೋಗ್ಯದ ಸರ್ವೆ, ಅದರಲ್ಲಿ ಅದೇ ವಯಸ್ಸಿನವರಲ್ಲಿ ಶೇ. 8.9. ನಡುವೆ ಒಂದಷ್ಟು ಜನ ಬಿಟ್ಟೂ ಇರಬಹುದು, ಆದ್ರೆ ಅಷ್ಟೂ ಜನ ಬಿಟ್ಟಿದ್ದಾರೆ ಅಂತ ನಂಬೋಕೆ ನನ್ನಿಂದಂತೂ ಆಗಲ್ಲ. ಕೊರಿಯಾದಲ್ಲಿ ಮೂತ್ರದಲ್ಲಿ ಕೋಟಿನಿನ್ ಟೆಸ್ಟ್ ಮಾಡಿ ನೋಡಿದಾಗ, ನಿಕೋಟಿನ್ ಮೈಯೊಳಗೆ ಹೋದ್ರೆ ಆಗೋದೇ ಕೋಟಿನಿನ್, ಸಿಗರೇಟ್ ಸೇದೋ ಹೆಂಗಸರು ಬಾಯಲ್ಲಿ ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಮೀರಿ ಇದ್ರು, ಗಂಡಸರಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಅಲ್ಲೂ ಇದೇ ಹೆದರಿಕೆ.

ಬಾಯಿ ಕ್ಯಾನ್ಸರ್ ಒಂದೇ ಅಲ್ಲ, ಬಸುರಿ ಹೊಗೆಸೊಪ್ಪು ಹಾಕಿದ್ರೆ ಮಗು ತೂಕ ಕಮ್ಮಿ ಹುಟ್ಟುತ್ತೆ, ದಿನ ತುಂಬೋಕೆ ಮುಂಚೆನೂ ಹೆರಿಗೆ ಆಗಬಹುದು. ಗಂಡ, ಅತ್ತೆ ಎದುರಿಗೆ ಕೇಳಿ ಇಲ್ಲ ಅಂತ ಟಿಕ್ ಹಾಕ್ಕೊಂಡು ಬಂದ್ರೆ ಇವರನ್ನ ಹುಡುಕೋದು ಯಾರು? ಈಗ ನಾನು ತಂಬಾಕಿನ ಪ್ರಶ್ನೆನ ಬಿಪಿ ಪಟ್ಟಿ ಕಟ್ಟೋ ಹೊತ್ತಿಗೆ ಇಟ್ಕೊಂಡಿದೀನಿ, ಬೇರೆ ಯಾರೂ ಇಲ್ಲದಾಗ, ಕಡ್ಡಿಪುಡಿ, ಹೊಗೆಸೊಪ್ಪು, ನಶ್ಯ ಅಂತ ಒಂದೊಂದೇ ಹೆಸರು ಹಿಡಿದು. ಏನೇ ಉತ್ತರ ಬರಲಿ ಟಾರ್ಚ್ ಹಾಕಿ ಬಾಯಿ ನೋಡೇ ನೋಡ್ತೀನಿ. ಆ ಸೊಸೆ ದಂತ ವೈದ್ಯರ ಹತ್ರ ಹೋಗೋಕೆ ಒಪ್ಪಿದಾಳೆ, ಮನೇಲಿ ಹಲ್ಲು ಕೀಳಿಸೋಕೆ ಅಂತ ಹೇಳ್ತಾಳಂತೆ.